ಮುಂಗಿವಿ ಕಲಿತ ಮಾತು

ಗುರುವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಮೂವತ್ತೆಂಟು ಮಹಡಿಯ ಕಟ್ಟಡವೊಂದರ ನೆತ್ತಿಯಲ್ಲಿ, ಲಿಫ್ಟಿನ ಮೋಟಾರಿಗೆ ಅಂಟಿಸಿದ್ದ ತೆಂಗಿನ ಚಿಪ್ಪಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದರ ಹಸಿರು ದೀಪ ಕೆಂಪಾಯಿತು. ಅದೇ ಹೊತ್ತಿಗೆ ಮೂರು ಕಿಲೋಮೀಟರ್ ದೂರದ ‘ಊರ್ಧ್ವ’ ಲಿಫ್ಟ್ ಕಂಪನಿಯ ಕಚೇರಿಯಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡಿದವು: ‘ಎರಡನೆಯ ಲಿಫ್ಟ್. ಬೇರಿಂಗ್. ಒಂಬತ್ತು ದಿನದೊಳಗೆ ನಿಲ್ಲಲಿದೆ.’ ಲಿಫ್ಟು ಮಾತ್ರ ಆಗ ಯಾವ ತಕರಾರೂ ಇಲ್ಲದೆ ಜನರನ್ನು ಹೊತ್ತು ಏರಿಳಿಯುತ್ತಿತ್ತು.

ಹಿರಿಯ ಮೆಕ್ಯಾನಿಕ್ ಫಕೀರವ್ವ ಮುಳಗುಂದ ಹೋಗಿ ಮೋಟಾರು ಬಿಚ್ಚಿ ನೋಡಿದಳು. ಬೇರಿಂಗಿನ ಒಳಬಳೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಜೊತೆಗೆ ಬಂದಿದ್ದ ಮೌಲಾಲಿ ಬಾಯಿ ಬಿಟ್ಟುಕೊಂಡು ನೋಡಿದ.

“ಅಕ್ಕಾ, ಇದಕ್ಕ ಹೆಂಗ ಗೊತ್ತಾತು?”

“ಅದನ್ನ ನಾನೂ ಕೇಳಾಕತ್ತೇನಿ,” ಎಂದಳು ಫಕೀರವ್ವ. “ಇವತ್ತ ಮುಂಜಾನೆ ಎಣ್ಣಿ ಹಾಕಾಕ ಬಂದಾಗ ನಾನ ಅಂದಿದ್ದೆ, ಈಕಿ ತವರಿಗೆ ಹೊಂಟಾಳ ಅಂತ. ನಾ ಅಂದು ಕೆಳಗ ಇಳಿಯೂದ್ರಾಗ ಇದೂ ಅಂತೈತಿ. ಹ್ವಾದ ಸಲ ಕೇಶ್ವಾಪುರದಾಗೂ ಹಿಂಗ ಆತು.”

‘ತವರಿಗೆ ಹೊಂಟಾಳ’ ಎನ್ನುವುದು ಊರ್ಧ್ವದ ಮೆಕ್ಯಾನಿಕ್‌ಗಳ ಮಾತು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ಅವರ ಪಾಲಿಗೆ ಪ್ರತಿಯೊಂದು ಲಿಫ್ಟೂ ಹೆಣ್ಣು; ಅವಳನ್ನು ಕೂರಿಸಿದ ಕಟ್ಟಡ ಗಂಡನ ಮನೆ; ತಾರಿಹಾಳದ ಕಾರ್ಖಾನೆ ತವರು. ವಾರಕ್ಕೊಮ್ಮೆ ಎಣ್ಣೆ ಹಾಕಲು ಹೋದಾಗ ಮೋಟಾರಿನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಲ್ಲುತ್ತಾರೆ. ಒಳಗಿನ ನಡುಕ ಸರಿ ಕಾಣದಿದ್ದರೆ, ಈ ಮೋಟಾರು ಇಳಿದು ಕಾರ್ಖಾನೆಗೆ ಹೋಗುವ ದಿನ ದೂರವಿಲ್ಲವೆಂದು ಆ ಮಾತನ್ನು ತಮ್ಮಷ್ಟಕ್ಕೆ ಆಡಿ ಇಳಿದುಬರುತ್ತಾರೆ. ಅದನ್ನು ಬರೆದಿಡುವ ರೂಢಿ ಇರಲಿಲ್ಲ, ಮೇಲಿನವರಿಗೆ ಹೇಳುವ ರೂಢಿಯೂ ಇರಲಿಲ್ಲ. ಹೇಳದೇ ಇದ್ದುದಕ್ಕೆ ಕಾರಣವಿತ್ತು.

ಊರ್ಧ್ವ ಕಂಪನಿ ಮೊದಲು ಲಿಫ್ಟ್ ಮಾರುತ್ತಿತ್ತು. ಮಾರುವುದರಲ್ಲಿ ಅಂಥ ಲಾಭವಿರಲಿಲ್ಲ. ಲಾಭವೆಲ್ಲ ಆಮೇಲಿನ ರಿಪೇರಿಯಲ್ಲಿ. ಲಿಫ್ಟ್ ಕೆಟ್ಟಿತೆಂದರೆ ಕಟ್ಟಡದವರಿಗೆ ಗೋಳು, ಕಂಪನಿಗೆ ಹೋಳಿಗೆ ಊಟ. ಕೆಡುವ ಮೊದಲೇ ಸರಿಮಾಡೋಣ ಎಂದು ಯಾವನಾದರೂ ಮೆಕ್ಯಾನಿಕ್ ಹೇಳಿದರೆ ಬೈಸಿಕೊಳ್ಳುತ್ತಿದ್ದ. ಹೋದ ದೀಪಾವಳಿಗೆ ಈ ಪದ್ಧತಿ ಬದಲಾಯಿತು. ಕಂಪನಿ ಲಿಫ್ಟ್ ಮಾರುವುದನ್ನೇ ಬಿಟ್ಟು ‘ಏರಿಳಿತ’ ಮಾರತೊಡಗಿತು. ಲಿಫ್ಟ್ ಕಂಪನಿಯದೇ, ಕಟ್ಟಡದವರು ಎಷ್ಟು ಸಲ ಏರಿ ಇಳಿದರೋ ಅಷ್ಟಕ್ಕೆ ಬಾಡಿಗೆ. ಲಿಫ್ಟ್ ನಿಂತರೆ ಬಾಡಿಗೆಯೂ ನಿಂತಿತು, ಮೇಲೆ ದಂಡ. ನಿನ್ನೆಯವರೆಗೆ ಹಬ್ಬವಾಗಿದ್ದದ್ದು ಒಂದೇ ದಿನದಲ್ಲಿ ಸೂತಕವಾಯಿತು. ನಿನ್ನೆಯವರೆಗೆ ಕಂಪನಿಗೆ ದುಡಿದು ತರುತ್ತಿದ್ದ ಮೆಕ್ಯಾನಿಕ್ ಒಂದೇ ದಿನದಲ್ಲಿ ಖರ್ಚಿನ ಬಾಬತ್ತಾದ.

ಬದಲಾವಣೆಯ ಸಭೆಯಲ್ಲಿ ಮ್ಯಾನೇಜರ್ ಹಲಗತ್ತಿಯವರು ಎಲ್ಲರಿಗೂ ಧಾರವಾಡದ ಪೇಢೆ ಹಂಚಿದ್ದರು. “ಇನ್ನಮ್ಯಾಲೆ ನೀವು ರಿಪೇರಿ ಮಾಡವರಲ್ಲ, ಲಿಫ್ಟಿನ ಆರೋಗ್ಯ ಕಾಯವರು,” ಎಂದಿದ್ದರು. ಫಕೀರವ್ವ ಪೇಢೆಯನ್ನು ತಿನ್ನದೆ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಕಂಪನಿ ಬಾಯಿ ಸಿಹಿ ಮಾಡಿತೆಂದರೆ ಮನೆಗೆ ಹೋಗಿ ಮೊದಲು ಬಾಗಿಲು ಭದ್ರ ಮಾಡಿಕೊಳ್ಳಬೇಕು ಎನ್ನುವುದು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಕಲಿತ ಪಾಠ.

ಅದೇ ವಾರ ಮೈಸೂರಿನಿಂದ ಡಾ. ಪ್ರಭಂಜನ ಎಂಬ ವಿಜ್ಞಾನಿ ಬಂದರು. ಕಪ್ಪು ಪೆಟ್ಟಿಗೆ ಅವರ ಸೃಷ್ಟಿ, ಹೆಸರು ಮುಂಗಿವಿ. ಮುಂದಾಗುವುದನ್ನು ಈಗಲೇ ಕೇಳುವ ಕಿವಿ. ಒಂದು ಕಿವಿ ಮೋಟಾರಿನ ಮೇಲೆ, ಇನ್ನೊಂದು ಲಿಫ್ಟಿನ ಒಳಚಾವಣಿಯಲ್ಲಿ. ಎರಡು ವರ್ಷಗಳ ಕಾಲ ಹುಬ್ಬಳ್ಳಿಯ ಯಂತ್ರಕೋಣೆಗಳಲ್ಲಿ ದಾಖಲಾದ ಸಪ್ಪಳವನ್ನೆಲ್ಲ ಅದಕ್ಕೆ ಉಣಿಸಿ, ಯಾವ ಸಪ್ಪಳದ ಬೆನ್ನಿಗೆ ಯಾವ ಮೋಟಾರು ಕೆಟ್ಟಿತೆಂದು ತೋರಿಸಲಾಗಿತ್ತು. ಯಾವ ಸಪ್ಪಳವನ್ನು ಗುರುತಾಗಿ ಹಿಡಿಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಅದು ತಾನೇ ಹುಡುಕಿಕೊಂಡು ತಾನೇ ಕಲಿಯಿತು. ನೂರಕ್ಕೆ ತೊಂಬತ್ತಾರು ಸಲ ಅದು ಹೇಳಿದ್ದು ನಿಜವಾಗುತ್ತಿತ್ತು.

ಗೋಕುಲ ರಸ್ತೆಯ ಬೇರಿಂಗ್ ಬದಲಿಸಿ ಬಂದ ದಿನವೇ ಹಲಗತ್ತಿಯವರು ಫಕೀರವ್ವನನ್ನು ಕರೆಸಿದರು.

“ಕೂಡ್ರಿ. ಮುಂಗಿವಿ ಇಷ್ಟು ಛಲೋ ಹೇಳಾಕತ್ತೈತಿ ಅಂದಮ್ಯಾಲೆ ನಾಲ್ವತ್ತೊಂದು ಮೆಕ್ಯಾನಿಕ್ ಏನ್ ಮಾಡೂದೈತ್ರಿ? ಹನ್ನೆರಡು ಮಂದಿ ಸಾಕು. ಪಂಚಮಿ ಮುಗದ ಮರುದಿನ ಇಪ್ಪತ್ತೊಂಬತ್ತು ಹೆಸರು ಬರದು ಕೊಡ್ರಿ. ನೀವು ಹೆದರಬ್ಯಾಡ್ರಿ, ನಿಮ್ಮ ಹೆಸರು ಅದರಾಗ ಬರಂಗಿಲ್ಲ.”

“ನಾ ಬರೀಲಿಲ್ಲಂದ್ರ?”

“ನೀವ್ ಬರೀಲಿಲ್ಲಂದ್ರ ಮುಂಗಿವಿ ಬರೀತೈತಿ,” ಎಂದು ಹಲಗತ್ತಿಯವರು ನಕ್ಕರು.

ಅವರು ತಮಾಷೆಗೆ ಅಂದರು. ಫಕೀರವ್ವನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಲಿಫ್ಟ್ ಕೇಳುವ ಪೆಟ್ಟಿಗೆ ಜನರ ಹೆಸರು ಹೇಗೆ ಬರೆದೀತು? ಜನರನ್ನೂ ಕೇಳುತ್ತಿದ್ದರೆ ಮಾತ್ರ ಬರೆದೀತು. ಅವಳು ನೇರವಾಗಿ ಪ್ರಭಂಜನರ ಕೋಣೆಗೆ ಹೋದಳು.

“ಡಾಕ್ಟರ್ ಸಾಹೇಬ್ರ, ಖರೇ ಹೇಳ್ರಿ. ಇದು ಮೋಟರಿನ ಸಪ್ಪಳ ಅಷ್ಟ ಕೇಳತೈತೋ, ನಮ್ಮ ಮಾತೂ ಕೇಳತೈತೋ?”

“ಕಿವಿಗೆ ಬೀಳುತ್ತೆ ಫಕೀರವ್ವನವರೇ, ಆದ್ರೆ ಒಳಗೆ ಹೋಗಲ್ಲ. ಮಾತಿನ ಜರಡಿ ಅಂತ ಒಂದು ಭಾಗ ಇಟ್ಟಿದ್ದೀವಿ. ಹಿಟ್ಟು ಕೆಳಗಿಳಿದು ತೌಡು ಮೇಲೆ ಉಳಿಯೋ ಹಾಗೆ, ಯಂತ್ರದ ಸಪ್ಪಳ ಒಳಗೆ ಹೋಗುತ್ತೆ, ಮನುಷ್ಯರ ಮಾತು ಹೊರಗೇ ನಿಲ್ಲುತ್ತೆ. ಮೈಸೂರಿನ ಲ್ಯಾಬಿನಲ್ಲಿ ಸಾವಿರ ಜನರ ಮಾತು ಕೇಳಿಸಿ ತಯಾರು ಮಾಡಿದ ಜರಡಿ ಅದು. ಒಂದು ಅಕ್ಷರವೂ ನುಸುಳಲ್ಲ.”

ಪ್ರಭಂಜನರು ಸುಳ್ಳು ಹೇಳುವ ಮನುಷ್ಯರಲ್ಲ. ಅದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಸುಳ್ಳುಗಾರನಿಗೆ ತನ್ನ ಸುಳ್ಳಾದರೂ ಗೊತ್ತಿರುತ್ತದೆ.

ಆ ಸಂಜೆ ತಾರಿಹಾಳದ ಚಹಾದಂಗಡಿಯ ಹಿಂದೆ ನಲವತ್ತು ಜನರನ್ನೂ ಸೇರಿಸಿ ಪಟ್ಟಿಯ ಸುದ್ದಿ ಹೇಳಿಬಿಟ್ಟಳು. ಯಾರೂ ಕೂಗಾಡಲಿಲ್ಲ. ಇಪ್ಪತ್ತೊಂಬತ್ತರಲ್ಲಿ ತಾನೂ ಒಬ್ಬನೋ ಎಂದು ಕೇಳುವಂತೆ ಎಲ್ಲರೂ ಅವಳ ಮುಖ ನೋಡಿದರು. ಆ ನೋಟ ಅವಳಿಗೆ ಬಹಳ ನೋವು ಕೊಟ್ಟಿತು.

“ನಾ ಯಾರ ಹೆಸರೂ ಬರಿಯಾಕಿ ಅಲ್ಲ,” ಎಂದಳು. “ಆದ್ರ ಆ ಪೆಟಗಿ ನಮ್ಮನ್ನ ಕೇಳಾಕತ್ತೈತಿ. ಗೋಡಿಗೂ ಕಿವಿ ಇರ್ತಾವ ಅಂತಿದ್ರು ಹಿರ್ಯಾರು, ಈಗ ಖರೇನ ಹಚ್ಯಾರ. ಇವತ್ತಿಂದ ಮಿಷನ್ ಖೋಲ್ಯಾಗ ಯಾರೂ ತುಟಿ ಬಿಚ್ಚಬ್ಯಾಡ್ರಿ. ಎಣ್ಣಿ ಹಾಕ್ರಿ, ಒರಸ್ರಿ, ಇಳದ ಬರ್ರಿ.”

“ಮಾತಾಡ್ದ ಕೆಲಸ ಮಾಡೂದು ಹೆಂಗಕ್ಕಾ?” ಎಂದ ಮೌಲಾಲಿ. ಅವನು ಮೋಟಾರಿನ ಜೊತೆಗೂ ಜಗಳ ತೆಗೆಯುವ ಮನುಷ್ಯ.

“ನಿನಗ ಕಷ್ಟ ಐತಿ, ಗೊತ್ತು. ಬಾಯಾಗ ಅಡಕಿ ಇಟ್ಕೋ.”

ಹೀಗೆ ನಲವತ್ತೊಂದು ಬಾಯಿಗಳಿಗೆ ಬೀಗ ಬಿತ್ತು. ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ವಿದ್ಯಾನಗರದಲ್ಲಿ ಒಂದು ಲಿಫ್ಟ್ ನಿಂತಿತು. ಮುಂಗಿವಿ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಮರುದಿನ ಎರಡು ನಿಂತವು. ತಿಂಗಳು ತುಂಬುವ ಹೊತ್ತಿಗೆ ಮುಂಗಿವಿಯ ಲೆಕ್ಕ ಸೊನ್ನೆಗೆ ಇಳಿಯಿತು. ಕೇಶ್ವಾಪುರದಲ್ಲಿ ಹದಿನಾರನೆಯ ಮತ್ತು ಹದಿನೇಳನೆಯ ಮಹಡಿಗಳ ನಡುವೆ ಒಬ್ಬ ಮುದುಕಿ ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ನಲವತ್ತು ನಿಮಿಷ ಒಬ್ಬಳೇ ಸಿಕ್ಕಿಕೊಂಡಿದ್ದಳು. ಆ ಮೋಟಾರಿನ ಮೇಲೆ ಹಿಂದಿನ ವಾರವೇ ಅಂಗೈ ಇಟ್ಟಿದ್ದಳು ಫಕೀರವ್ವ. ಅವಳಿಗೆ ಗೊತ್ತಿತ್ತು, ಬಾಯಿ ಕಟ್ಟಿಕೊಂಡು ಇಳಿದುಬಂದಿದ್ದಳು. ಮುದುಕಿಯನ್ನು ಕೈಹಿಡಿದು ಹೊರಗೆ ಕರೆತಂದವಳೂ ಅವಳೇ. “ದೇವ್ರು ಛಲೋ ಇಟ್ಟಿರಲೆವಾ,” ಎಂದು ಆಕೆ ಹರಸಿದಾಗ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಈಗ ಅನುಮಾನ ಹಲಗತ್ತಿಯವರ ಸರದಿಗೆ ಬಂತು. ಪಟ್ಟಿಯ ಸುದ್ದಿ ಹೊರಬಿದ್ದಿದೆ, ಮೆಕ್ಯಾನಿಕ್‌ಗಳು ಮುಂಗಿವಿಯ ಕಿವಿಗೆ ಏನೋ ತುರುಕುತ್ತಿದ್ದಾರೆ ಎಂದು ಅವರು ಖಚಿತ ಮಾಡಿಕೊಂಡರು. ಗೇಟಿನಲ್ಲಿ ಎಲ್ಲರ ಚೀಲ ತಡಕಾಡಿಸಿದರು. ಮೌಲಾಲಿಯ ಚೀಲದಲ್ಲಿ ಒಂದು ಅಯಸ್ಕಾಂತ ಸಿಕ್ಕಿತು. ಬಿದ್ದ ಮೊಳೆ ಎತ್ತಲು ಅವನು ಹನ್ನೆರಡು ವರ್ಷದಿಂದ ಇಟ್ಟುಕೊಂಡಿದ್ದ ಅಯಸ್ಕಾಂತ ಅದು. ಹೇಳಿದರೆ ಯಾರು ಕೇಳಬೇಕು? ಅವನನ್ನು ಅಮಾನತು ಮಾಡಿ, ಯಂತ್ರ ಕೆಡಿಸಿದ್ದಾನೆಂದು ಪೊಲೀಸರಿಗೆ ದೂರು ಕೊಡುವ ಕಾಗದ ತಯಾರಾಯಿತು.

ಅಷ್ಟರಲ್ಲಿ ಶ್ರಾವಣ ಬಂತು. ನಾಗರಪಂಚಮಿಗೆ ಮೂರು ದಿನ ಇರುವಾಗ ಕಚೇರಿಯ ಪರದೆ ಇದ್ದಕ್ಕಿದ್ದಂತೆ ಕೆಂಪಾಯಿತು. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನಕ್ಕೆ ಅರವತ್ತು, ಸಂಜೆಗೆ ನೂರೆಂಬತ್ತು ಲಿಫ್ಟುಗಳು ನಿಲ್ಲಲಿವೆ ಎಂದು ಮುಂಗಿವಿ ಬೊಬ್ಬೆ ಹಾಕಿತು. ಮೆಕ್ಯಾನಿಕ್‌ಗಳು ಒಂದೊಂದೇ ಮೋಟಾರು ಬಿಚ್ಚಿದರು. ಎಲ್ಲವೂ ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದವು. ಪ್ರಭಂಜನರು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಕೈಯಲ್ಲಿ ಪುಟ್ಟ ಪರದೆ ಹಿಡಿದು, ಫಕೀರವ್ವನನ್ನು ಕರೆದುಕೊಂಡು ಗೋಕುಲ ರಸ್ತೆಯ ಅದೇ ಕಟ್ಟಡಕ್ಕೆ ಬಂದು ಲಿಫ್ಟ್ ಹತ್ತಿದರು.

ಒಂಬತ್ತನೆಯ ಮಹಡಿಯಲ್ಲಿ ಇಬ್ಬರು ಹೆಂಗಸರು ಹತ್ತಿದರು. ಒಬ್ಬಳ ಕಂಕುಳಲ್ಲಿ ಕೂಸು, ಕೈಯಲ್ಲಿ ಸೂಟ್‌ಕೇಸು.

“ಪಂಚಮಿಗೆ ಹೊಂಟಿ ಏನ?” ಎಂದಳು ಇನ್ನೊಬ್ಬಳು.

“ಹೂಂ ನೋಡ್ರಿ, ತವರಿಗೆ ಹೊಂಟೇನಿ. ನಮ್ಮಣ್ಣ ಕೆಳಗ ಬಂದ ನಿಂತಾನ.”

ಪ್ರಭಂಜನರ ಕೈಯ ಪರದೆ ಕುಂಯ್ ಎಂದು ಕೆಂಪಾಯಿತು. ‘ಬೇರಿಂಗ್. ಒಂಬತ್ತು ದಿನದೊಳಗೆ.’

ಫಕೀರವ್ವ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತು. ಎಲ್ಲವೂ ಒಂದೇ ಸಲ ತಿಳಿದುಹೋಯಿತು. ಮುಂಗಿವಿ ಮೋಟಾರನ್ನು ಕೇಳಿ ಕಲಿತಿರಲೇ ಇಲ್ಲ. ಮೋಟಾರು ಕೇಳಿದವರ ಬಾಯನ್ನು ಕೇಳಿ ಕಲಿತಿತ್ತು. ಇದನ್ನು ಹೇಳಿದರೆ ಇರುವ ಒಂದೇ ಗುಟ್ಟು ಕೈಬಿಟ್ಟುಹೋಗುತ್ತದೆ. ಆ ಮಾತನ್ನು ಕಿತ್ತುಕೊಂಡು ಜನರನ್ನು ಹೊರಗೆ ಹಾಕಬಹುದು. ಹೇಳದಿದ್ದರೆ ಮೌಲಾಲಿ ಜೈಲಿಗೆ ಹೋಗುತ್ತಾನೆ. ಹದಿನೈದನೆಯ ಮಹಡಿಯಿಂದ ಮೂವತ್ತೆಂಟನೆಯದಕ್ಕೆ ಏರುವಷ್ಟು ಹೊತ್ತು ಅವಳು ಯೋಚಿಸಿದಳು. ಹೆಂಗಸರು ಇಳಿಯಬೇಕಿದ್ದದ್ದು ಕೆಳಗೆ, ಲಿಫ್ಟು ಮೇಲೆ ಹೊರಟಿತ್ತು. ಅವರು ಗೊಣಗುತ್ತಿದ್ದದ್ದೂ ಅವಳ ಕಿವಿಗೆ ಬೀಳಲಿಲ್ಲ.

ಯಂತ್ರಕೋಣೆಯಲ್ಲಿ ಅವಳು ಮೂರನೆಯ ಲಿಫ್ಟಿನ ಮೋಟಾರಿನ ಮುಂದೆ ನಿಂತಳು. ಹೊಸ ಮೋಟಾರು. ದೀಪ ಹಸಿರಾಗಿತ್ತು.

“ಸಾಹೇಬ್ರ, ನೋಡ್ಕೋತ ಇರ್ರಿ,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ ಅಂದಳು: “ಈಕಿ ತವರಿಗೆ ಹೊಂಟಾಳ.”

ದೀಪ ಕೆಂಪಾಯಿತು.

ಪ್ರಭಂಜನರು ಅಲ್ಲೇ ಎಣ್ಣೆಯ ಡಬ್ಬದ ಮೇಲೆ ಕೂತುಬಿಟ್ಟರು. ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆರೆದು ಕೇಳಿದರು. ಮೋಟಾರಿನ ಗುಂಯ್‌ಗುಡುವಿಕೆಯ ಅಡಿಯಲ್ಲಿ ಅದೇ ಮಾತು. ಒಮ್ಮೆ ಗಂಡಸಿನ ದನಿ, ಒಮ್ಮೆ ಹೆಂಗಸಿನದು, ಬಾಯಲ್ಲಿ ಅಡಿಕೆ ಇಟ್ಟುಕೊಂಡ ದನಿ, ನೆಗಡಿಯಾದ ದನಿ.

“ಜರಡಿ ಏನ್ ಮಾಡ್ತಿತ್ತ್ರೀ?” ಎಂದಳು ಫಕೀರವ್ವ.

“ಜರಡಿಗೆ ನಾವು ಕೇಳಿಸಿದ್ದೆಲ್ಲ ನಮ್ಮ ಕಡೆಯವರ ಮಾತು. ನೀವು ಈ ಗದ್ದಲದಲ್ಲಿ ತುಟಿಯೊಳಗೇ ಆಡಿದ ಮಾತನ್ನ ಅದು ಮಾತು ಅಂತ ಗುರುತಿಸಿಲ್ಲ. ಯಂತ್ರದ ಸಪ್ಪಳ ಅಂದುಕೊಂಡು ಒಳಗೆ ಬಿಟ್ಟುಬಿಟ್ಟಿದೆ. ಆ ಹೆಂಗಸರ ಮಾತನ್ನೂ ಅಷ್ಟೇ.”

“ಅಂದ್ರ ನಿಮ್ಮ ಮಿಷನ್ನಿಗೆ ನಾವು ಮನಷ್ಯಾರಂತ ಗೊತ್ತಾಗಿಲ್ಲ.”

“ಕ್ಷಮಿಸಿ ಫಕೀರವ್ವನವರೇ.”

“ನೀವ್ಯಾಕ ಕ್ಷಮಾ ಕೇಳ್ತೀರಿ. ಹಲಗತ್ತಿಯವರಿಗೂ ಗೊತ್ತಾಗಿಲ್ಲ.”

“ಆದ್ರೆ ನಿಮಗೆ ಇಷ್ಟು ಮುಂಚೆ ತಿಳೀತಿತ್ತು ಅಂದ್ಮೇಲೆ ಯಾಕೆ ಹೇಳಲಿಲ್ಲ?”

“ಕೇಳಿದವರ್ಯಾರ್ರಿ? ಮೊದಲ ಕೆಟ್ಟರ ಲಾಭ ಇತ್ತು, ಹೇಳಿದವರನ್ನ ಬೈತಿದ್ರು. ಆಮ್ಯಾಲೆ ನೀವು ಬಂದ್ರಿ. ನೀವು ಮೋಟರ್ ಕೇಳಿದ್ರಿ. ನಮ್ಮನ್ನ ಕೇಳ್ಲಿಲ್ಲ.”

ಪ್ರಭಂಜನರ ವರದಿ ಒಂದೇ ಪುಟದ್ದಾಗಿತ್ತು. ಈ ನಲವತ್ತೊಂದು ಜನರಿಲ್ಲದೆ ಮುಂಗಿವಿ ಕಿವುಡು, ಇವರಲ್ಲಿ ಒಬ್ಬರನ್ನು ತೆಗೆದರೂ ಅಷ್ಟರಮಟ್ಟಿಗೆ ಕಿವಿ ಮಂದವಾಗುತ್ತದೆ, ಮೌಲಾಲಿ ನಿರಪರಾಧಿ. ಹಲಗತ್ತಿಯವರು ಅದನ್ನು ಎರಡು ಸಲ ಓದಿ, ಗಂಟಲು ಸರಿಪಡಿಸಿಕೊಂಡು, ಪೇಢೆ ತರಿಸಿದರು.

ಫಕೀರವ್ವ ಪೇಢೆ ಮುಟ್ಟಲಿಲ್ಲ. “ಬಾಯಿ ಮಾತು ಬ್ಯಾಡ್ರಿ. ಕಾಗದದಾಗ ಬರೀರಿ,” ಎಂದಳು.

ಒಪ್ಪಂದ ತಯಾರಾಯಿತು. ಅವಳು ಅದನ್ನು ನಾಲ್ಕು ಸಲ ಓದಿದಳು. ಎಲ್ಲಿಯೋ ಮೋಸ ಇದ್ದೇ ಇರುತ್ತದೆಂದು ಬೆರಳಿಟ್ಟು ಒಂದೊಂದು ಸಾಲನ್ನೂ ತಡಕಿದಳು. ನಲವತ್ತೊಂದು ಜನರಿಗೂ ನಿವೃತ್ತಿಯವರೆಗೆ ನೌಕರಿ. ಪಗಾರದಲ್ಲಿ ಕಡಿತವಿಲ್ಲ. ಪರ ಊರಿಗೆ ವರ್ಗವಿಲ್ಲ. ಮೌಲಾಲಿ ಮರಳಿ ಕೆಲಸಕ್ಕೆ. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: ಮುಂದಿನ ವರ್ಷದಿಂದ ಪಂಚಮಿಗೆ ಮೂರು ದಿನ ರಜೆ. ಲಿಫ್ಟ್ ಕೆಡುವುದೇ ಹಬ್ಬದ ಹೊತ್ತಿಗೆ ಹೆಚ್ಚೆಂದು ಹನ್ನೆರಡು ವರ್ಷದಿಂದ ಅವಳಿಗೆ ಆ ರಜೆ ಸಿಕ್ಕಿರಲಿಲ್ಲ. ಅಣ್ಣಿಗೇರಿಯಲ್ಲಿ ಅವಳ ಅಣ್ಣ ಈರಬಸಪ್ಪ ಪ್ರತಿವರ್ಷ ಉಂಡಿ ಕಟ್ಟಿಸಿ ಬಸ್ಸಿನವರ ಕೈಯಲ್ಲಿ ಕಳಿಸಿ ಸುಮ್ಮನಾಗುತ್ತಿದ್ದ.

ಏಳನೆಯ ಕಲಮು ಹೀಗಿತ್ತು: ‘ಇನ್ನು ಮುಂದೆ ಮುಂಗಿವಿಯು ಸದರಿ ನಲವತ್ತೊಂದು ನೌಕರರ ಧ್ವನಿಗೆ ಮಾತ್ರ ಓಗೊಡತಕ್ಕದ್ದು. ಸದರಿ ನೌಕರರು ಸದರಿ ಮಾತನ್ನು ಕೆಡಲಿರುವ ಯಂತ್ರದ ಸಮ್ಮುಖದಲ್ಲಲ್ಲದೆ ಮುಂಗಿವಿಗೆ ಕೇಳಿಸುವಂತೆ ಆಡತಕ್ಕದ್ದಲ್ಲ. ಒಬ್ಬರು ತಪ್ಪಿದರೂ ಒಪ್ಪಂದ ಎಲ್ಲರಿಗೂ ರದ್ದು.’ ನೂರೆಂಬತ್ತು ಸುಳ್ಳು ಕೂಗು ಕೇಳಿದವರು ಇಷ್ಟು ಬರೆಯುವುದು ನ್ಯಾಯವೇ ಅನ್ನಿಸಿತು ಅವಳಿಗೆ. ಪಗಾರದಲ್ಲಿ, ವರ್ಗದಲ್ಲಿ, ನಿವೃತ್ತಿಯಲ್ಲಿ ಮೋಸ ಹುಡುಕಿದ ಆ ಅನುಮಾನದ ಕಣ್ಣು ಏಳನೆಯ ಕಲಮಿನ ಮೇಲೆ ನಿಲ್ಲದೆ ದಾಟಿಹೋಯಿತು. ಸಹಿ ಮಾಡಿದಳು. ಪ್ರಭಂಜನರು ಸಾಕ್ಷಿ ಹಾಕಿದರು.

ಆ ವರ್ಷದಲ್ಲಿ ಊರ್ಧ್ವ ಬಹಳ ಬೆಳೆಯಿತು. ಮುಂಗಿವಿ ಲಿಫ್ಟಿನಿಂದ ಇಳಿದು ಬಸ್ಸಿನ ಎಂಜಿನ್ನಿಗೆ ಬಂತು, ನೀರೆತ್ತುವ ಪಂಪಿಗೆ ಬಂತು, ಮನೆಯ ಫ್ರಿಜ್ಜಿಗೂ ಮಿಕ್ಸರಿಗೂ ಬಂತು. ನಲವತ್ತೊಂದು ಜನ ಊರೆಲ್ಲ ತಿರುಗಿ ಯಂತ್ರಗಳ ಮೇಲೆ ಅಂಗೈ ಇಟ್ಟು ಆ ಮಾತು ಆಡಿದರು. ಅವರಿಗೆ ಮರ್ಯಾದೆ ಬಂತು, ಪಗಾರವೂ ಏರಿತು. ನೌಕರಿ ಹೋದೀತೆಂಬ ಹೆದರಿಕೆ ಯಾರಿಗೂ ಉಳಿಯಲಿಲ್ಲ.

ಮತ್ತೆ ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಈರಬಸಪ್ಪ ತಾನೇ ತಂಗಿಯನ್ನು ಕರೆಯಲು ಹುಬ್ಬಳ್ಳಿಗೆ ಬಂದ. ಅರವತ್ತರ ಮನುಷ್ಯ, ಹೊಸ ರುಮಾಲು ಸುತ್ತಿಕೊಂಡಿದ್ದ. ಹದಿನಾಲ್ಕನೆಯ ಮಹಡಿಯ ಮನೆಗೆ ಬೀಗ ಹಾಕಿ ಇಬ್ಬರೂ ಲಿಫ್ಟಿನ ಬಾಗಿಲಿಗೆ ಬಂದರು. ಒಳಗೆ ಪಕ್ಕದ ಮನೆಯ ಅನಸೂಯಾಬಾಯಿ ಇದ್ದರು.

“ಏನ್ರೀ ಫಕೀರವ್ವ, ಚೀಲಾ ಹಿಡಕೊಂಡ ಎಲ್ಲಿಗೆ ಹೊಂಟೀರಿ?”

ಹನ್ನೆರಡು ವರ್ಷ ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದ್ದಳು ಅವಳು. ತನ್ನನ್ನು ಯಾರೂ ಕೇಳಿರಲಿಲ್ಲ. ಉತ್ತರ ನಾಲಗೆಯ ತುದಿಗೆ ಬಂತು. ಆಗ ಚಾವಣಿಯ ಹಸಿರು ದೀಪ ಕಣ್ಣಿಗೆ ಬಿತ್ತು. ನಲವತ್ತು ಜನರ ಮನೆಯ ಒಲೆ ಆ ದೀಪದಲ್ಲಿತ್ತು. ಬಾಯಿ ಮುಚ್ಚಿಕೊಂಡಳು. ಅನಸೂಯಾಬಾಯಿ ಕಾಯುತ್ತಲೇ ಇದ್ದರು.

“ನೀವು ನಡೀರಿ,” ಎಂದು ಫಕೀರವ್ವ ಹಿಂದೆ ಸರಿದು ಅಣ್ಣನ ಕೈ ಹಿಡಿದು ಮೆಟ್ಟಿಲ ಕಡೆ ತಿರುಗಿದಳು.

“ಲಿಫ್ಟ್ ರಿಪೇರಿ ಮಾಡಾಕೀನ ಮೆಟ್ಟಲಾ ಇಳಿಯಾಕತ್ತಾಳಲ್ಲ,” ಎಂದು ಅನಸೂಯಾಬಾಯಿ ಅಂದದ್ದು ಮುಚ್ಚುವ ಬಾಗಿಲಿನ ಸಂದಿಯಿಂದ ಕೇಳಿಸಿತು.

ಈರಬಸಪ್ಪ ಒಂದು ಮಹಡಿ ಸುಮ್ಮನೆ ಇಳಿದ. ಎರಡನೆಯದಕ್ಕೆ ತಡೆಯದೆ ಕೇಳಿದ: “ಯಾಕವಾ, ಏನಾತು? ಮನ್ಯಾಗೂ ಮಾತಾಡ್ಲಿಲ್ಲ ನೀ. ಬರಾಕ ಮನಸಿಲ್ಲೇನ?”

ಮನೆಯಲ್ಲಿ ಫ್ರಿಜ್ಜು ಇತ್ತು. ಮುಂದೆ ಹತ್ತಬೇಕಾದ ಬಸ್ಸಿನಲ್ಲಿ ಎಂಜಿನ್ನು ಇತ್ತು. ಹತ್ತನೆಯ ಮಹಡಿಯ ತಿರುವಿನಲ್ಲಿ ಫಕೀರವ್ವ ನಿಂತು ಸುತ್ತ ನೋಡಿದಳು. ಒಂದು ಕಿಟಕಿ, ಒಂದು ಕಸಬರಿಗೆ, ಯಾರೋ ಒಣಹಾಕಿದ ಚಾದರ. ಯಂತ್ರ ಯಾವುದೂ ಇರಲಿಲ್ಲ. ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು.

“ಅಣ್ಣಾ, ನಾ ತವರಿಗೆ ಹೊಂಟೇನಿ,” ಎಂದಳು.

ಈರಬಸಪ್ಪನಿಗೆ ಏನೂ ಅರ್ಥವಾಗಲಿಲ್ಲ. “ಅದು ನನಗ ಗೊತ್ತಿಲ್ಲೇನವಾ? ನಾನ ಕರಿಯಾಕ ಬಂದೇನಿ.”

“ಗೊತ್ತಿರ್ಲಿ,” ಎಂದಳು ಫಕೀರವ್ವ. ಅವಳ ಕಣ್ಣು ತುಂಬಿತ್ತು. “ಗೊತ್ತಿದ್ರೂ ಒಂದೀಟು ಕೇಳು.”

ಅವನು ಅವಳ ಪಕ್ಕದಲ್ಲಿ ಕೂತ. ಅವಳು ಆ ಮಾತನ್ನು ಇನ್ನೊಮ್ಮೆ ಆಡಿದಳು.